ಎಂಎಸ್ ಅಂದ್ರೆ ಯಾವ ಎಂಎಸ್?

"ಕಾಕಾ ಆರಾಮ ಅದಾರೇನ್ರಿ? ಮತ್ತ ಅಟ್ಯಾಕ್ ಏನೂ ಬಂದಿಲ್ಲಲ್ಲ?" ಕಲಬುರಗಿಯಲ್ಲಿ ಸಿಕ್ಕವರೆಲ್ಲ ಹೀಗೇ ಕೇಳುತ್ತಾರೆ. ಕಾಳಜಿಯಿಂದಲೇ ಕೇಳುತ್ತಾರೆ, ಅದಕ್ಕೆ ಬೇಸರವಿಲ್ಲ. ನಮ್ಮ ಕಾಕಾಗೆ ಎಂಎಸ್ ಇದೆ, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು ಮತ್ತು ಬೆನ್ನುಹುರಿಯ ನರಗಳಿಗೆ ಪೆಟ್ಟು ಕೊಡುವ ಕಾಯಿಲೆ. ಆದರೆ ಅವರಿಗೆ ಅಟ್ಯಾಕ್ ಅಂತ ಒಂದೂ ಬಂದಿಲ್ಲ. ಕಾಲು ಮಾತ್ರ ಸೋಲುತ್ತಲೇ ಇದೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದ ಕೂಡಲೇ ಜನರಿಗೆ ಗೊತ್ತಿರುವುದು ಅಟ್ಯಾಕ್ ಬಂದು ಹೋಗುವ ಬಗೆ. ಕಣ್ಣು ಮಂಜಾಗುತ್ತದೆ, ಕೈ ಜೋಮು ಹಿಡಿಯುತ್ತದೆ, ಕೆಲವು ವಾರಕ್ಕೆ ಸುಧಾರಿಸುತ್ತದೆ, ಮತ್ತೆ ಬರುತ್ತದೆ. ನೂರರಲ್ಲಿ ಸುಮಾರು 85 ಮಂದಿಗೆ ಶುರುವಾಗುವುದು ಹೀಗೆ. ಇವರಲ್ಲಿ ಎಷ್ಟೋ ಜನರಿಗೆ ವರ್ಷಗಳು ಕಳೆದ ಮೇಲೆ ಅಟ್ಯಾಕ್ ಕಮ್ಮಿಯಾಗಿ, ಶಕ್ತಿ ಮೆಲ್ಲಗೆ ಕುಂದತೊಡಗುತ್ತದೆ. ಅದು ಸೆಕೆಂಡರಿ ಪ್ರೋಗ್ರೆಸಿವ್. ಯಾವಾಗ ಹೊರಳಿತು ಅಂತ ಡಾಕ್ಟರಿಗೂ ಆಮೇಲೆ ತಿರುಗಿ ನೋಡಿದಾಗಲೇ ಗೊತ್ತಾಗುವುದು.

ಕಾಕಾನದು ಪ್ರೈಮರಿ ಪ್ರೋಗ್ರೆಸಿವ್. ಮೊದಲಿನಿಂದಲೂ ಇಳಿಮುಖ. ನಡುವೆ ಕೆಲವು ತಿಂಗಳು ನಿಂತಲ್ಲೇ ನಿಲ್ಲಬಹುದು, ಅಷ್ಟೇ. ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿ ಶುರು. ಬಂದು ಹೋಗುವ ಬಗೆ ಹೆಂಗಸರಿಗೆ ಜಾಸ್ತಿ, ಇದು ಇಬ್ಬರಿಗೂ ಹೆಚ್ಚುಕಮ್ಮಿ ಸಮ. ಬೆನ್ನುಹುರಿಗೇ ಹೆಚ್ಚು ಪೆಟ್ಟು, ಹಾಗಾಗಿ ಕಾಲು ಬಿಗಿಯುತ್ತದೆ.

ನಮ್ಮ ಮನೆಯಲ್ಲಿ ಮೊದಲು ಹೇಳಿದ್ದು ಚಪ್ಪಲಿ. ಎಡಗಾಲಿನದು ಮಾತ್ರ ಹೆಬ್ಬೆರಳ ತುದಿಯಲ್ಲಿ ಸವೆದು ತೂತು ಬಿದ್ದಿತ್ತು. ಪರಸಿ ಮೇಲೆ ಸರ್ ಸರ್ ಅಂತ ಸದ್ದು. ಸೊಂಟದ್ದೇ ಇರಬೇಕು ಅಂತ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಈ ಬಗೆ ಅಂತ ಖಚಿತ ಮಾಡಲು ಕನಿಷ್ಠ ಒಂದು ವರ್ಷ ಕುಂದುತ್ತಾ ಬಂದಿರಬೇಕು. ನಮಗೆ ಲೆಕ್ಕ ಸಿಕ್ಕಿದ್ದು ಶರಣಬಸವೇಶ್ವರ ಜಾತ್ರೆಯಲ್ಲಿ: ಒಂದು ವರ್ಷ ತೇರಿನ ತನಕ ನಡೆದವರು, ಮರುವರ್ಷ ಗೋಡೆ ಹಿಡಿದು ನಿಂತರು.

ಇನ್ನು ನಮ್ಮೂರ ಮೇ ಬಿಸಿಲು. ಮೈ ಕಾದರೆ ಕಾಲು ಇನ್ನಷ್ಟು ಸೋಲುತ್ತದೆ, ತಂಪಾದರೆ ಮೊದಲಿನಂತಾಗುತ್ತದೆ. ಅದು ರೋಗ ಏರಿದ್ದಲ್ಲ, ಸುಮ್ನೆ ಗಾಬರಿ ಬೇಡ.

ಔಷಧದ ಮಾತಿಗೂ ಇದೇ ಗೊಂದಲ. ಕಾಕಾನ ಬಗೆಯ ಎಂಎಸ್‌ಗೆ ಅಮೆರಿಕದಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದೇ 2017ರಲ್ಲಿ, ಓಕ್ರೆಲಿಜುಮ್ಯಾಬ್. ಅದು ಇಳಿಮುಖವನ್ನು ನಿಧಾನ ಮಾಡುತ್ತದೆ, ಕಳೆದದ್ದನ್ನು ತಂದುಕೊಡುವುದಿಲ್ಲ. "ಎಷ್ಟು ಗುಣ ಆಯ್ತು?" ಅಂತ ಕೇಳಿದರೆ ಕಾಕಾ ಏನು ಹೇಳಬೇಕು?

ಅಂಗವಿಕಲರ ಕಾರ್ಡಿಗೆ ಹೋದಾಗಲೂ ಅದೇ ರಾಗ. "ಕಮ್ಮಿ ಆಗ್ತದ, ಮುಂದಿನ ವರ್ಷ ಬಂದು ತೋರಿಸ್ರಿ" ಅಂದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿಯಿದೆ, ಅದರಲ್ಲಿ ಎಂಎಸ್ ಹೆಸರು ಇದೆ. ಮುಂದಿನ ವರ್ಷ ಆ ಆಫೀಸಿನ ಮೆಟ್ಟಿಲು ಹತ್ತುವುದು ಕಾಕಾಗೆ ಇನ್ನೂ ಕಷ್ಟ ಅಲ್ವಾ?