ಗುಲಾಬಿ ಯಾರ ಪಾಲು?

"ಅಯ್ಯೋ, ಕ್ರೀಮ್ ಬೇಡಪ್ಪ, ತುಂಬಾ ಸ್ವೀಟು" ಅಂತ ಕೇಕಿನ ಮೇಲಿದ್ದದ್ದನ್ನೆಲ್ಲ ಕೆರೆದು ತಟ್ಟೆಯ ಅಂಚಿಗೆ ತಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದೇ ಮಹನೀಯರು ಐದು ನಿಮಿಷ ಬಿಟ್ಟು ಜಾಮೂನು ನುಂಗುತ್ತಾರೆ, ಪಾಕದ ಸಮೇತ.

ದೂರು ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಕೇಕಿಗೆ ಬಳಿಯುವ ಬಟರ್‌ಕ್ರೀಮ್‌ನ ಸುಲಭದ ಬಗೆಯಲ್ಲಿ ಒಂದು ಪಾಲು ಬೆಣ್ಣೆಗೆ ಎರಡು ಪಾಲು ಐಸಿಂಗ್ ಶುಗರ್, ಅಂದರೆ ನುಣ್ಣನೆಯ ಸಕ್ಕರೆ ಪುಡಿ, ಇರುತ್ತದೆ. ಬೆಣ್ಣೆಯ ಬದಲು ಡಾಲ್ಡಾ ಬಿದ್ದರಂತೂ ಬಾಯಿಗೆ ಅಂಟಿದ್ದು ಸಂಜೆಯವರೆಗೂ ಬಿಡುವುದಿಲ್ಲ. ಇಟಲಿ ಬಗೆಯದ್ದು ಹಾಗಲ್ಲ. ಸಕ್ಕರೆ ಪಾಕವನ್ನು ಸುಮಾರು 118 ಡಿಗ್ರಿಗೆ ಕಾಯಿಸಿ, ನೊರೆ ಬರಿಸಿದ ಮೊಟ್ಟೆಯ ಬಿಳಿಗೆ ಸಣ್ಣ ಧಾರೆಯಾಗಿ ಸುರಿದು, ಆರಿದ ಮೇಲೆ ಬೆಣ್ಣೆ ಸೇರಿಸುತ್ತಾರೆ. ನಡುವೆ ಒಮ್ಮೆ ಒಡೆದು ಗಂಟುಗಂಟಾಗುತ್ತದೆ. ಹೆದರದೆ ತಿರುವುತ್ತಿದ್ದರೆ ತಾನೇ ನುಣ್ಣಗಾಗುತ್ತದೆ. ಸಿಹಿಯೂ ಕಮ್ಮಿ.

ಬಟರ್‌ಕ್ರೀಮೇ ಯಾಕೆ ಮೇಲು ಅಂತ ಹೇಳಲೆಂದೇ ಕೂತಿದ್ದೇನೆ. ಅದಕ್ಕೂ ಮೊದಲು ನಮ್ಮ ರಾಯಚೂರಿನ ಸೋದರಮಾವನ ವಿಷಯ ಹೇಳಿಬಿಡಬೇಕು.

ಆಗಿನ ಬೇಕರಿ ಕೇಕಿನ ಮೇಲೆ ಬಟರ್‌ಕ್ರೀಮ್‌ನದೇ ಒಂದು ಗುಲಾಬಿ ಬಣ್ಣದ ಗುಲಾಬಿ, ಎರಡು ಹಸಿರು ಎಲೆ. ಮನೆ ತುಂಬ ಮಕ್ಕಳು. ಕತ್ತರಿಸುವ ಹೊತ್ತಿಗೆ ಮಾವ ಚಾಕು ಕಸಿದುಕೊಳ್ಳುತ್ತಿದ್ದ. "ಕೊಡ್ರಿ ಇಲ್ಲಿ, ಹುಡುಗರು ಕೈ ಕೊಯ್ಕೋತಾವ." ಡಬ್ಬಿಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಜಮೀನು ಅಳೆಯುವ ಸರ್ವೇಯರ್‌ನಂತೆ ಒಂದು ಕಣ್ಣು ಮುಚ್ಚಿ ನೋಡಿ ಕೊಯ್ಯುತ್ತಿದ್ದ. ಗುಲಾಬಿ ಪ್ರತಿ ಸಲವೂ ಅವನ ತುಂಡಿಗೇ. ನನ್ನ ತಂಗಿ ಸುಮ್ನೆ ಬಿಡುವವಳಲ್ಲ. ಒಂದು ವರ್ಷ ಬೇಕರಿಗೆ ತಾನೇ ಹೋಗಿ, ಹೂವು ಸರಿಯಾಗಿ ನಟ್ಟನಡುವೆ ಬರಬೇಕು ಅಂತ ಹೇಳಿ ಬಂದಳು. ಮಾವ ವಿಚಲಿತನಾಗಲಿಲ್ಲ. ನಡುವೆ ದುಂಡಗೆ ಕೊಯ್ದು ಎತ್ತಿಕೊಂಡ. "ಒಳಗ ಬೆಂದದೋ ಇಲ್ಲೋ ನೋಡ್ತೀನಿ." ಮೇ ತಿಂಗಳ ಹುಟ್ಟುಹಬ್ಬವೊಂದರಲ್ಲಿ ದೇವರೇ ನಮ್ಮ ಕಡೆ ಬಂದ. ಬೆಣ್ಣೆ 35 ಡಿಗ್ರಿ ಹೊತ್ತಿಗೆ ಕರಗಿಬಿಡುತ್ತದೆ, ರಾಯಚೂರಿನ ಮೇ ಮಧ್ಯಾಹ್ನವೋ 40ರ ಆಸುಪಾಸು. ಡಬ್ಬಿ ತೆರೆದಾಗ ಗುಲಾಬಿ ಜಾರಿ ರಟ್ಟಿಗೆ ಮೆತ್ತಿಕೊಂಡಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಾವ ರಟ್ಟನ್ನೇ ಹರಿದುಕೊಂಡು ಜಗಲಿಗೆ ಹೋಗಿ ಕೂತ.

ಈಗ ಕಿತ್ತಾಡಲು ಗುಲಾಬಿಯೇ ಇಲ್ಲ. ಎಲ್ಲೆಲ್ಲೂ "ಫ್ರೆಶ್ ಕ್ರೀಮ್" ಅಂತೆ. ಎಷ್ಟೋ ಕಡೆ ಅದು ಪ್ಯಾಕೆಟ್‌ನಿಂದ ಸುರಿದು ಉಬ್ಬಿಸಿದ ವನಸ್ಪತಿ ಕೊಬ್ಬು. ಹಸುವಿಗೂ ಅದಕ್ಕೂ ಪರಿಚಯವೇ ಇಲ್ಲ. ತಿಂದರೆ ಗಾಳಿ. ಅದನ್ನು ತಿನ್ನುವುದಕ್ಕಿಂತ, ಹುಟ್ಟಿದ ತಪ್ಪಿಗೆ ಪಾಪದವನೊಬ್ಬನ ಮುಖಕ್ಕೆ ಬಳಿಯುವುದೇ ಜಾಸ್ತಿ. ಕಣ್ಣು, ಮೂಗು, ಕಿವಿ ಯಾವುದನ್ನೂ ಬಿಡುವುದಿಲ್ಲ, ಮೇಲೆ ವಿಡಿಯೊ ಬೇರೆ. ಇದೆಂಥ ಸಂಭ್ರಮವೋ! ಬಟರ್‌ಕ್ರೀಮ್ ಆಗಿದ್ದರೆ ಕಡಲೆಹಿಟ್ಟು ಹಚ್ಚಿ ಉಜ್ಜಬೇಕಿತ್ತು, ಬಳಿದವನ ಕೈಯೂ ಸೇರಿ. ಅದರ ಹಿರಿಮೆಗೆ ಸದ್ಯಕ್ಕೆ ನನಗೆ ಹೊಳೆಯುತ್ತಿರುವ ಕಾರಣ ಇದೊಂದೇ.