ಮ್ಯೂಟ್ ಮಾಡಿ ಆಡುವ ಆಟ ಅಲ್ಲ ಇದು

ಫ್ಲಾರೆನ್ಸ್ ಎಂಬ ಹುಡುಗಿಯ ಪ್ರೇಮಕಥೆ ಹೇಳುವ ಮೊಬೈಲ್ ಆಟ 'ಫ್ಲಾರೆನ್ಸ್'ನ ಸಂಗೀತ ಬರೀ ಹಿನ್ನೆಲೆ, ಮ್ಯೂಟ್ ಮಾಡಿ ಆಡಿದರೂ ಏನೂ ಕಳೆದುಕೊಳ್ಳುವುದಿಲ್ಲ ಅಂತ ನಿಮ್ಮ ವಿಮರ್ಶೆಯಲ್ಲಿ ಬರೆದಿದ್ದೀರಿ. ಇದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಈ ಆಟದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಸಂಗೀತ ಸಂಯೋಜಿಸಿದ ಕೆವಿನ್ ಪೆಂಕಿನ್ ಫ್ಲಾರೆನ್ಸ್‌ಗೆ ಪಿಯಾನೊ, ಅವಳ ಪ್ರಿಯಕರ ಕ್ರಿಶ್‌ಗೆ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ಕೊಟ್ಟಿದ್ದಾರೆ. ಅವನು ಚೆಲ್ಲೊ ನುಡಿಸುವವನೇ ಅಲ್ವಾ! ಇಬ್ಬರ ಸಂಭಾಷಣೆ ನಡೆಯುವುದೇ ಆ ಸಂಗೀತದಲ್ಲಿ.

ಇಬ್ಬರೂ ಮಾತಾಡುವಾಗ ಮಾತಿನ ಗುಳ್ಳೆಯ ತುಂಡುಗಳನ್ನು ನಾವೇ ಜೋಡಿಸುವ ಜಾಣತನ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಮೊದಲ ಭೇಟಿಯಲ್ಲಿ ತುಂಡುಗಳು ಜಾಸ್ತಿ, ಸಲುಗೆ ಬೆಳೆದ ಹಾಗೆ ಕಡಿಮೆ. ಜಗಳದಲ್ಲಿ ಅದೇ ತುಂಡುಗಳಿಗೆ ಚೂಪು ಅಂಚು. ಆದರೆ ನಾನೂ ಮೊದಲ ಸಲ ಬಸ್ಸಿನಲ್ಲಿ ಇಯರ್‌ಫೋನ್ ಇಲ್ಲದೆ ಸುಮ್ನೆ ಆಡಿ, ಅರ್ಧ ಗಂಟೆಯಲ್ಲಿ ಮುಗಿಸಿ, 'ಇಷ್ಟೇನಾ' ಅಂದುಕೊಂಡಿದ್ದೆ. ರಾತ್ರಿ ಮನೆಯಲ್ಲಿ ಸೌಂಡ್ ಇಟ್ಟು ಮತ್ತೆ ಆಡಿದೆ. ಇಬ್ಬರೂ ಬೇರೆಯಾದ ಮೇಲೆ ಕ್ರಿಶ್‌ನ ಸಾಮಾನು ಪೆಟ್ಟಿಗೆಗೆ ತುಂಬುವಾಗ ಬೆರಳು ತಾನಾಗಿಯೇ ನಿಧಾನವಾಯಿತು.

ಆಟದ ಶುರುವಿನಲ್ಲಿ ಫ್ಲಾರೆನ್ಸ್ ಹಲ್ಲುಜ್ಜುವ ಭಾಗ ಬೋರು ಅಂದಿರಿ. ಅದು ನಿಜ. ಆದರೆ ಆಗ ಅವಳ ಬದುಕೂ ಹಾಗೇ ಇತ್ತಲ್ಲ!