ಮ್ಯಾಟರ್‌ಹಾರ್ನ್ ಇಲ್ಲದ ಆಕಾಶ

ಕ್ಯಾಲಿಫೋರ್ನಿಯಾದ ಅನಾಹೈಮ್ ಸುತ್ತಲಿನ ಊರುಗಳಲ್ಲಿ ಹಿರಿಯರು ತೀರಿಕೊಂಡ ಮನೆಯ ಸಾಮಾನು ಮಾರಾಟಕ್ಕೆ ಬಂದಾಗ, ಪಿಂಗಾಣಿ ತಟ್ಟೆಗಳ ನಡುವೆ ಒಂದು ರಟ್ಟಿನ ಡಬ್ಬಿ ಸಿಗುವುದುಂಟು. ಒಳಗೆ ಡಿಸ್ನಿಲ್ಯಾಂಡ್ ಪಾರ್ಕಿನ ಮೊದಲ ವರ್ಷಗಳ ಕಲರ್ ಸ್ಲೈಡುಗಳು, ಅಂದರೆ ರಟ್ಟಿನ ಚೌಕಟ್ಟಿಗೆ ಕೂರಿಸಿದ ಪಾರದರ್ಶಕ ಫಿಲ್ಮ್ ತುಣುಕುಗಳು. ಇಂಥವನ್ನು ಕೂಡಿಸುವ ಇಲ್ಲಿನ ಹವ್ಯಾಸಿ ಒಂದನ್ನು ಬೆಳಕಿಗೆ ಹಿಡಿದು, "1956ರ ಜೂನ್ ಆದಮೇಲೆ, 1959ರ ಜೂನ್‌ಗೆ ಮೊದಲು" ಎಂದುಬಿಡುತ್ತಾನೆ. ಕೇಳಿ ಖುಷಿಯಾಗುತ್ತದೆ, ಬೆನ್ನಿಗೇ ಚುರುಕ್ಕೆನ್ನುತ್ತದೆ. ನಮ್ಮ ಟ್ರಂಕುಗಳಲ್ಲಿರುವ ಬೃಂದಾವನದ ಫೋಟೊಗಳಿಗೆ ಹೀಗೆ ಕಾಲ ಹೇಳುವವರು ಎಷ್ಟು ಮಂದಿ?

ಅವನ ಲೆಕ್ಕ ಸರಳ. ತಂತಿಯ ಮೇಲೆ ತೂಗುವ ಸ್ಕೈವೇ ತೊಟ್ಟಿಲುಗಳು ಶುರುವಾಗಿದ್ದು 1956ರ ಜೂನ್‌ನಲ್ಲಿ. 147 ಅಡಿಯ ಮ್ಯಾಟರ್‌ಹಾರ್ನ್ ಎಂಬ ಕೃತಕ ಬೆಟ್ಟ ಎದ್ದದ್ದು 1959ರಲ್ಲಿ. ತೊಟ್ಟಿಲು ಇದ್ದು ಬೆಟ್ಟ ಇಲ್ಲದಿದ್ದರೆ ಚಿತ್ರ ಆ ಮೂರು ವರ್ಷಗಳದ್ದು. ಮರಗಳೂ ಸಾಕ್ಷಿ ಹೇಳುತ್ತವೆ. 160 ಎಕರೆ ತೋಟ ಕಡಿದು, ಒಂದೇ ವರ್ಷದಲ್ಲಿ ಕಟ್ಟಿ, 1955ರ ಜುಲೈ 17ರಂದು ತೆರೆದ ಜಾಗ ಅದು. ಸಸಿಗಳು ಬಡಕಲಾಗಿದ್ದರೆ, 77 ಅಡಿಯ ಪುಟ್ಟ ಕೋಟೆ ದೂರದಿಂದಲೇ ಪೂರ್ತಿ ಕಂಡರೆ, ಆರಂಭದ ದಿನಗಳೇ.

ರಟ್ಟಿನ ಅಂಚಿನ ಮೇಲೆ ಒತ್ತಿದ ತಿಂಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ಅದು ಫಿಲ್ಮ್ ತೊಳೆದ ತಿಂಗಳು, ಕ್ಲಿಕ್ಕಿಸಿದ್ದಲ್ಲ. ಬೇಸಿಗೆಯಲ್ಲಿ ಹಾಕಿದ ರೋಲು ಕ್ರಿಸ್‌ಮಸ್‌ಗೆ ಮುಗಿಯುತ್ತಿತ್ತು. ಬೋರ್ಡಿನ ಅಕ್ಷರ ತಿರುಗಾಮುರುಗಾ ಕಂಡರೆ ಸ್ಲೈಡನ್ನು ಹಿಂದುಮುಂದಾಗಿ ಇಟ್ಟಿದ್ದೀರಿ ಎಂದರ್ಥ.

ಕೊಡಾಕ್ರೋಮ್, ಎಕ್ಟಾಕ್ರೋಮ್ ಎರಡೂ ಕೊಡಾಕ್ ಕಂಪನಿಯ ಸ್ಲೈಡ್ ಫಿಲ್ಮುಗಳು. ಕೊಡಾಕ್ರೋಮ್‌ನ ಬಣ್ಣ ಕತ್ತಲಲ್ಲಿಟ್ಟರೆ ದಶಕಗಟ್ಟಲೆ ಉಳಿಯುತ್ತದೆ, ಪ್ರೊಜೆಕ್ಟರ್ ಬೆಳಕಿಗೆ ಬೇಗ ಮಾಸುತ್ತದೆ. ಅದೇ ಕಾಲದ ಎಕ್ಟಾಕ್ರೋಮ್ ಡಬ್ಬಿಯೊಳಗೇ ನೇರಳೆಗೆಂಪಿಗೆ ತಿರುಗಿರುತ್ತದೆ. ಸ್ಕ್ಯಾನ್ ಮಾಡುವ ಮುನ್ನ ರಬ್ಬರ್ ಬಲ್ಬಿನಿಂದ ಗಾಳಿ ಊದಬೇಕು. ಬಾಯಲ್ಲಿ ಊದಿದರೆ ಎಂಜಲು ಸಿಡಿದು ಕಲೆಯಾಗುತ್ತದೆ. 4000 ಡಿಪಿಐ (ಇಂಚಿಗೆ 4000 ಚುಕ್ಕಿ) ಸಾಕು, ಸುಮಾರು 5,600 × 3,700 ಪಿಕ್ಸೆಲ್ ಸಿಗುತ್ತದೆ. ಸ್ಕ್ಯಾನರಿನ ಇನ್‌ಫ್ರಾರೆಡ್ ಧೂಳು ತೆಗೆಯುವ ಸೌಲಭ್ಯವನ್ನು ಕೊಡಾಕ್ರೋಮ್‌ಗೆ ಆಫ್ ಮಾಡಿಬಿಡುವುದು ಒಳ್ಳೆಯದು. ಆ ಫಿಲ್ಮಿನ ಬಣ್ಣದ ಪದರವೇ ಇನ್‌ಫ್ರಾರೆಡ್ ತಡೆಯುವುದರಿಂದ ಯಂತ್ರ ಚಿತ್ರದ ಗೆರೆಯನ್ನೂ ಧೂಳೆಂದು ಅಳಿಸುತ್ತದೆ.

ನಮ್ಮಲ್ಲಿ? ಫೋಟೊಗೆ ಕಟ್ಟು ಹಾಕಿಸಿ, ಗಾಜಿಗೆ ಅಂಟಿಸಿದಂತೆ ಒತ್ತಿ, ಬಿಸಿಲು ಬೀಳುವ ಗೋಡೆಗೇ ತೂಗುಹಾಕುತ್ತೇವೆ. ಗಾಜಿನ ಮೇಲೆ ಕುಂಕುಮ, ಮೇಲೊಂದು ಒದ್ದೆ ಹಾರ. ನಾಲ್ಕು ಮಳೆಗಾಲಕ್ಕೆ ಫೋಟೊದ ಮೇಲಿನ ಜೆಲಾಟಿನ್ ಪದರ ಗಾಜಿಗೆ ಕಚ್ಚಿಕೊಳ್ಳುತ್ತದೆ, ಅಂಚಿನಿಂದ ಬೂಷ್ಟು ಹಿಡಿಯುತ್ತದೆ. ಆಗ ಕೀಳಲು ಹೋದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜು ಸಮೇತ ಸ್ಕ್ಯಾನ್ ಮಾಡುವುದೊಂದೇ ದಾರಿ. ಅಂಟಿನ ಹಾಳೆಯ ಮದುವೆ ಆಲ್ಬಮ್ಮಿನದು ಇನ್ನೊಂದು ಪಾಡು, ಅಲ್ಲಿ ಹಲ್ಲಿನ ಸಂದಿ ತೆಗೆಯುವ ದಾರವನ್ನು ಫೋಟೊದ ಹಿಂದೆ ಗರಗಸದಂತೆ ಎಳೆದು ಬಿಡಿಸಬೇಕು. ಒಂದು ಪಾರ್ಕಿನ ತೊಟ್ಟಿಲಿಗೆ ಇವರು ಕೊಡುವ ಗಮನವನ್ನು ನಾವು ಸ್ವಂತ ಅಜ್ಜಿಗೆ ಕೊಡಲಿಲ್ಲ ಎನ್ನುವುದು ಸಂಕಟದ ವಿಷಯ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಡಬ್ಬಿ ಮಾರಾಟಕ್ಕೆ ಬಂದಿದೆ. ತೊಟ್ಟಿಲಿನ ಕೆಳಗೆ ಟೋಪಿ ಹಾಕಿ ನಗುತ್ತಿರುವ ಮಗು ಯಾರದು ಎಂದು ಕೊಂಡವನಿಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. ಬೃಂದಾವನದ ಕಾರಂಜಿಯ ಮುಂದಿನ ಫೋಟೊವನ್ನು ದೊಡ್ಡಮ್ಮನ ಕೈಗೆ ಕೊಟ್ಟು ನೋಡಿ: "ಇವಳು ಹಾಸನದ ಅತ್ತೆಯ ನಾದಿನಿ, ಆಗ ಅವಳಿಗೆ ಮೊದಲನೆಯದು ಏಳು ತಿಂಗಳು." ಅಲ್ಲಿಗೆ ಕಾಲವೂ ಸಿಕ್ಕಂತೆ. ಆ ಮೊದಲನೆಯವನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದು ಜನ್ಮದಿನಾಂಕದಿಂದ ಎರಡು ತಿಂಗಳು ಹಿಂದೆ ಹೋದರಾಯಿತು. ಅದು ಜಾತಕದ ತಾರೀಕೋ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೋ ವಿಚಾರಿಸಿಕೊಳ್ಳಬೇಕು.

ದೊಡ್ಡಮ್ಮ ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ರತಿ ಫೋಟೊಗೆ ಮೊದಲು ಅದರ ಸಂಖ್ಯೆ ಹೇಳಿ. ಹಿಂದೆ ಬರೆಯುವುದಾದರೆ ಬಾಲ್ ಪೆನ್ ಬೇಡ, ಗೀರು ಮುಂದೆ ಮೂಡುತ್ತದೆ. ಫೋಟೊವನ್ನು ಶುಭ್ರ ಗಾಜಿನ ಮೇಲೆ ಬೋರಲಾಗಿಟ್ಟು, ಮೃದು ಸೀಸದ ಪೆನ್ಸಿಲ್‌ನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಮೊದಲು ಹೆಸರು, ಆಮೇಲೆ ವರ್ಷ.